ಆ ಕೈಯಲ್ಲ ಕಣೇ

ಶನಿವಾರ ಬೆಳಿಗ್ಗೆ ಗುಬ್ಬಿ ಅಜ್ಜಿಗೆ ಕನ್ನಡಕ ತಂದು ಕೊಟ್ಟಳು. ಎಡಗೈಯಲ್ಲಿ.

“ಆ ಕೈಯಲ್ಲ ಕಣೇ,” ಎಂದರು ಅಜ್ಜಿ.

ಗುಬ್ಬಿ ಕೈ ಬದಲಿಸಿದಳು. ಏಳು ವರ್ಷದ ಆ ಮೊಮ್ಮಗಳಿಗೆ ಕೈ ಬದಲಿಸುವುದೇ ಒಂದು ಕೆಲಸವಾಗಿತ್ತು. ಗೋಡೆ, ಬಾಗಿಲು, ಮಲಗಿದ್ದ ಅಪ್ಪನ ಅಂಗಾಲು ಯಾವುದನ್ನೂ ಬಿಡದೆ ಚಿತ್ರ ಬಿಡಿಸುತ್ತಿದ್ದವಳು ಈಚೆಗೆ ಪೆನ್ಸಿಲನ್ನೇ ಮುಟ್ಟುತ್ತಿರಲಿಲ್ಲ. ಬಲಗೈಯಲ್ಲಿ ಬಿಡಿಸಿದರೆ ಬೆಕ್ಕು ಬೂಟಿನಂತಾಗುತ್ತಿತ್ತು.

“ಬಿಟ್ಬಿಡಿ ಅತ್ತೆ, ಪಾಪ,” ಎಂದಿದ್ದಳು ಸೊಸೆ.

“ನಾಳೆ ನಾಲ್ಕು ಜನ ಆಡ್ಕೊಂಡು ನಕ್ಕರೆ ಅಳೋದು ಅವಳು ತಾನೇ?” ಅಜ್ಜಿಯ ಭಯವೂ ಸುಳ್ಳಲ್ಲ.

ಅಂದು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಉಣ್ಣೆಪಟ್ಟಿಯ ಕಾಲೊರಸು ಮಾಡಲು ಕಲಿಸುವ ತರಗತಿ. ಇಬ್ಬರಿಗೊಂದು ಮರದ ಚೌಕಟ್ಟು. ಅಜ್ಜಿ ಈಚೆ, ಗುಬ್ಬಿ ಆಚೆ. ನಡುವೆ ಬಿಗಿಯಾಗಿ ಎಳೆದು ಕಟ್ಟಿದ ಗೋಣಿಬಟ್ಟೆ, ಅದರ ಮೇಲೆ ಇದ್ದಿಲಿನಲ್ಲಿ ಬರೆದ ದಪ್ಪ ಮೀನು.

“ಒಂದು ಕೈ ಮೇಲೆ, ಒಂದು ಕೈ ಕೆಳಗೆ,” ಎಂದರು ಟೀಚರ್. “ಕೆಳಗಿನ ಕೈ ಪಟ್ಟಿ ಹಿಡಿದು ಕೊಡುತ್ತೆ. ಮೇಲಿನ ಕೈ ಕೊಕ್ಕೆ ಇಳಿಸಿ ಎಳ್ಕೊಳ್ಳುತ್ತೆ. ಮೇಲೆ ಬಂತಲ್ಲ, ಅದೇ ಕುಣಿಕೆ. ಪಕ್ಕದಲ್ಲಿ ಇನ್ನೊಂದು. ಗಂಟಿಲ್ಲ, ಹೊಲಿಗೆಯಿಲ್ಲ.”

“ಬಿಚ್ಚಿ ಹೋಗಲ್ವೇನಮ್ಮ?”

“ಒಂದಕ್ಕೊಂದು ಒತ್ಕೊಂಡು ನಿಲ್ತವೆ ಅಜ್ಜಿ. ತುಂಬಿದ ಬಸ್ಸಲ್ಲಿ ಜನ ನಿಂತ ಹಾಗೆ.”

ಅಜ್ಜಿಯ ಕೊಕ್ಕೆ ಇಳಿಯಿತು, ಬರಿಗೈಯಲ್ಲಿ ಬಂತು. ಮತ್ತೆ ಇಳಿಯಿತು, ಮತ್ತೆ ಬರಿಗೈ.

ಟೀಚರ್ ಬಗ್ಗಿ ನೋಡಿದರು. “ನಿಮ್ಮ ಎಡಗೈ ನಿದ್ದೆ ಮಾಡ್ತಿದೆ.”

“ಅದಕ್ಕೆ ನಾನು ಯಾವತ್ತೂ ಕೆಲಸ ಹೇಳಿಲ್ಲ ತಾಯಿ.”

“ಇಲ್ಲಿ ಅರ್ಧ ಕೆಲಸ ಅದರದ್ದೇ.”

ಪಟ್ಟಿ ಎಲ್ಲಿ ಹೋಯಿತೆಂದು ನೋಡಲು ಅಜ್ಜಿ ಚೌಕಟ್ಟಿನ ಕೆಳಗೆ ತಲೆ ತೂರಿಸಿದರು. ಹುಡುಕಿ, ಕೆಮ್ಮಿ, ತಲೆ ತುಂಬ ಉಣ್ಣೆಯ ನವಿರು ಅಂಟಿಸಿಕೊಂಡು ಮೇಲೆ ಬರುವಷ್ಟರಲ್ಲಿ ಎದುರಿಗೆ ಮೀನಿನ ಬೆನ್ನುದ್ದಕ್ಕೂ ಕೆಂಪು ಕುಣಿಕೆಗಳು, ಜೋಳದ ಕಾಳಿನಂತೆ ಒತ್ತೊತ್ತಾಗಿ, ಒಂದೇ ಎತ್ತರದಲ್ಲಿ ನಿಂತಿದ್ದವು. ಕೊಕ್ಕೆ ಗುಬ್ಬಿಯ ಎಡಗೈಯಲ್ಲಿತ್ತು.

ಅಜ್ಜಿಯನ್ನು ಕಂಡದ್ದೇ ಗುಬ್ಬಿ ಕೊಕ್ಕೆಯನ್ನು ಕೆಂಡದಂತೆ ಬಿಸಾಡಿದಳು. ಎಡಗೈ ಬೆನ್ನ ಹಿಂದೆ ಹೋಯಿತು. ಮುಖ ಚಿಕ್ಕದಾಯಿತು.

ಅಜ್ಜಿ ಆ ಸಾಲನ್ನು ನೋಡಿದರು. ಬೆನ್ನ ಹಿಂದೆ ಅಡಗಿದ ಕೈ ಇರಬಹುದಾದ ಕಡೆ ನೋಡಿದರು. ಅಷ್ಟು ಜಾಣ ಕೈ. ಆಮೇಲೆ ಕೊಕ್ಕೆ ಎತ್ತಿ ಮೊಮ್ಮಗಳತ್ತ ಚಾಚಿದರು.

ಗುಬ್ಬಿ ಬಲಗೈ ನೀಡಿದಳು. ಅಜ್ಜಿ ಕೊಕ್ಕೆ ಬಿಡಲಿಲ್ಲ.

“ಆ ಕೈಯಲ್ಲ ಕಣೇ.”

ಗುಬ್ಬಿ ಅಜ್ಜಿಯ ಮುಖವನ್ನೇ ನೋಡಿದಳು. ಬೆನ್ನ ಹಿಂದಿನ ಕೈ ಮೆಲ್ಲಗೆ, ಅನುಮಾನಿಸುತ್ತಾ ಹೊರಗೆ ಬಂತು. ಅಜ್ಜಿ ಕೊಕ್ಕೆಯನ್ನು ಅದರೊಳಗಿಟ್ಟು ಬೆರಳು ಮಡಿಸಿದರು.

“ಈಗ ಹೇಳಿಕೊಡು. ನನ್ನ ಈ ಸೋಮಾರಿ ಕೈ ಕೆಳಗೆ ಪಟ್ಟಿ ಹೇಗೆ ಹಿಡ್ಕೋಬೇಕು?”

ಗೋಣಿಬಟ್ಟೆಯ ಅಡಿಯಲ್ಲಿ ಒಂದು ಪುಟ್ಟ ಕೈ ಅಜ್ಜಿಯ ಎಡಗೈಯನ್ನು ಹುಡುಕಿಕೊಂಡು ಬಂತು. ಬಂದದ್ದೇ ಕಚಗುಳಿ ಇಟ್ಟಿತು. ಅಜ್ಜಿ ಕಿರುಚಿದ ರಭಸಕ್ಕೆ ಇಡೀ ಕೋಣೆ ತಿರುಗಿ ನೋಡಿ ನಕ್ಕಿತು.

ಸಂಜೆ ಸೊಸೆ ಕೆಲಸದಿಂದ ಬಂದಾಗ ನಡುಮನೆಯ ಗೋಡೆಯ ಮೇಲೆ ಒಂದು ಬೆಕ್ಕಿತ್ತು. ಬೂಟಿನಂತಿರಲಿಲ್ಲ. ಅವಳು ಒದ್ದೆ ಬಟ್ಟೆ ಹಿಡಿದು ಹೊರಟಳು.

“ಒರೆಸ್ಬೇಡ,” ಎಂದರು ಅಜ್ಜಿ. “ಮೀಸೆ ನೋಡು, ಎಷ್ಟು ಚೆನ್ನಾಗಿ ಬಂದಿದೆ.”