ಹೊಸಬರ ಸುತ್ತು

ವಿಶ್ವವಿದ್ಯಾನಿಲಯಕ್ಕೆ ಹೊಸದಾಗಿ ಸೇರಿದ ಮಕ್ಕಳಿಗೆ ಮೊದಲ ದಿನ ಊರು ಸುತ್ತಿಸಿ ಅದರ ಇತಿಹಾಸ ಹೇಳುವುದು ಅಲ್ಲಿನ ವಾಡಿಕೆ. ವರ್ಷಾನುಗಟ್ಟಲೆ ಆ ಕೆಲಸ ಇತಿಹಾಸದ ಮೇಷ್ಟ್ರದ್ದೇ ಆಗಿತ್ತು. ಮಾತಿಗೆ ನಿಂತರೆ ಹಸಿವು ಬಾಯಾರಿಕೆಯ ಪರಿವೆಯೇ ಇಲ್ಲದ ಆಸಾಮಿ. ಈಗ ಅವರಿಗೆ ಮರೆವಿನ ಕಾಯಿಲೆ. ಕೇಳಿ ಕೇಳಿ ಎಲ್ಲವೂ ಬಾಯಿಪಾಠವಾಗಿದ್ದ ಹೆಂಡತಿಯ ಹೆಗಲಿಗೇ ಆ ಕೆಲಸ ಬಿದ್ದಿತ್ತು.

ಈ ಸಲ ಆಕೆ ಗಂಡನನ್ನೂ ಜೊತೆಗೆ ಹೊರಡಿಸಿದಳು. ಹಿಂದಿನ ವಾರ ಅವರು ಎದುರುಮನೆಯ ಬಾಗಿಲು ತಟ್ಟಿ ಊಟ ಕೇಳಿದ್ದರು. ಅಂದಿನಿಂದ ಮಗಳು, ಅಪ್ಪನನ್ನು ಆರೈಕೆ ಕೇಂದ್ರಕ್ಕೆ ಸೇರಿಸೋಣ ಎಂದು ಪಟ್ಟು ಹಿಡಿದಿದ್ದಳು. ಸುತ್ತು ಮುಗಿಯುವುದು ಅವರ ಮನೆಯಿದ್ದ ಬೀದಿಯಲ್ಲೇ. ತಮ್ಮ ಮನೆಯನ್ನು ಅವರು ತಾವಾಗಿ ಗುರುತಿಸಿದರೆ ಕಳಿಸುವುದಿಲ್ಲ, ಇಲ್ಲದಿದ್ದರೆ ಮಗಳಿಗೆ ಹೂಂ ಅನ್ನುವುದು ಎಂದು ಆಕೆ ನಿಶ್ಚಯಿಸಿಕೊಂಡಿದ್ದಳು. ಹಾಗೆ ನಿಶ್ಚಯಿಸುವಾಗಲೂ ಎದೆಯಲ್ಲಿ ಏನೂ ಅಲುಗಲಿಲ್ಲ. ಅತ್ತು ಅತ್ತು ಬತ್ತಿದ್ದಳು ಎಂದುಕೊಳ್ಳಬೇಡಿ, ಅಳುವುದಕ್ಕೆ ಪುರುಸೊತ್ತೇ ಸಿಕ್ಕಿರಲಿಲ್ಲ.

ಗ್ರಂಥಾಲಯದ ಮೆಟ್ಟಿಲ ಬಳಿ ಆಕೆ ಶುರು ಮಾಡಿದಳು. ಇದು ಮೊದಲು ಕುದುರೆ ಲಾಯವಾಗಿತ್ತು, ಮೊದಲ ತಂಡದವರು ಮೂಗು ಮುಚ್ಚಿಕೊಂಡೇ ಪದವಿ ಪಡೆದರು ಎಂದಳು. ಮಕ್ಕಳು ನಕ್ಕರು. ಅವರ ನಡುವೆ ನಿಂತಿದ್ದ ಮೇಷ್ಟ್ರೂ ಮನಸಾರೆ ನಕ್ಕರು. ಅದು ಅವರದೇ ಜೋಕು.

ಹಳೆಯ ಮುದ್ರಣಾಲಯದ ಮುಂದೆ ಆಕೆ ಮಾತಿನಲ್ಲಿ ಎಡವಿದಳು. ಪ್ರವಾಹದಲ್ಲಿ ಸೀಸದ ಅಚ್ಚುಮೊಳೆಗಳೆಲ್ಲ ಕೊಚ್ಚಿಹೋದವು ಎಂದಾಗ ಮೇಷ್ಟ್ರು ಕೈಯೆತ್ತಿ, ಪ್ರವಾಹವಲ್ಲ, ಬೆಂಕಿ, ಸೀಸವೆಲ್ಲ ಕರಗಿ ಚರಂಡಿಗೆ ಹರಿಯಿತು ಎಂದು ತಿದ್ದಿದರು. ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಗಡಿಯಾರದ ಗೋಪುರ, ಶುಲ್ಕ ಏರಿಸಿದಾಗ ಹುಡುಗಿಯರು ಉಪವಾಸ ಕೂತ ಕಟ್ಟೆ, ಒಂದನ್ನೂ ಬಿಡಲಿಲ್ಲ. ಮಕ್ಕಳು ಆಕೆಯನ್ನು ಬಿಟ್ಟು ಅವರ ಬೆನ್ನು ಹತ್ತಿದರು. ಹಿಂದೆ ಉಳಿದ ಆಕೆಗೆ ಬೇಡವೆಂದರೂ ಆಸೆ ಹುಟ್ಟಿತು.

ಕೊನೆಯ ಬೀದಿಯಲ್ಲಿ, ತಮ್ಮ ಗೇಟಿನ ಮುಂದೆ, ಮೇಷ್ಟ್ರು ತಾವಾಗಿಯೇ ನಿಂತರು.

"ಈ ಮನೇಲಿ ಒಬ್ಬ ಮೇಷ್ಟ್ರು ಇದ್ದ," ಎಂದರು. "ದೊಡ್ಡ ಬಾಯಿಬಡುಕ. ಹೆಂಡತಿ ಮಾತ್ರ ಬಂಗಾರದಂಥವಳು. ಹೇಳಿದ್ದೇ ಹೇಳಿದ್ರೂ ಬೇಜಾರಿಲ್ದೆ ಕೇಳೋಳು."

ಈಗ ಅವರೆಲ್ಲಿದ್ದಾರೆ ಎಂದು ಒಬ್ಬ ಹುಡುಗಿ ಕೇಳಿದಳು.

"ಆಕೆ ತೀರ್ಕೊಂಡ್ಲು ಮಗು. ಆಮೇಲೆ ಅವನಿಗೂ ಇಲ್ಲಿ ಏನಿತ್ತು? ಹೊರಟುಹೋದ."

ಅವರ ಕಣ್ಣು ತುಂಬಿ ಬಂತು. ಮಕ್ಕಳು ಏನು ಮಾಡುವುದೆಂದು ತೋಚದೆ ಆಕೆಯ ಮುಖ ನೋಡಿದರು. ಆಕೆ ಮುಂದೆ ಬಂದು, ತನಗಾಗಿ ಅಳುತ್ತಿದ್ದ ಗಂಡನ ಕಣ್ಣನ್ನು ಕರವಸ್ತ್ರದಿಂದ ಒರೆಸಿದಳು. ಅವಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

"ನಿಮಗೂ ಆಕೆ ಗೊತ್ತಿದ್ಲಾ?" ಎಂದು ಮೇಷ್ಟ್ರು ಕೇಳಿದರು.

"ಗೊತ್ತಿದ್ಲು," ಎಂದಳು.

ಮಕ್ಕಳನ್ನು ಕಳಿಸಿ, ಗೇಟಿನ ಹೊರಗೇ ನಿಂತು ಮಗಳಿಗೆ ಫೋನು ಮಾಡಿದಳು. ಹೂಂ ಎಂದಳು. ಅಷ್ಟು ಹೊತ್ತೂ ಮೇಷ್ಟ್ರು, ದುಃಖದಲ್ಲಿರುವ ಅಪರಿಚಿತರನ್ನು ಸಮಾಧಾನ ಮಾಡುವವರಂತೆ, ಅವಳ ಬೆನ್ನು ಸವರುತ್ತಿದ್ದರು.