ಹತ್ತು ಎಣಿಸುವ ತನಕ

೧೯೫೫ರ ಮಾಗಿಯಲ್ಲಿ ಚಾಂದ್ ಬಿಯ ಮಗಳು ರಹೀಮುನ್ನೀಸಾ ಎರಡನೆಯ ಬಾಣಂತನಕ್ಕೆಂದು ಚಾಮರಾಜನಗರದಿಂದ ಗುಂಡ್ಲುಪೇಟೆಯ ತವರಿಗೆ ಬಂದಳು. ಅವಳ ಸೆರಗು ಹಿಡಿದುಕೊಂಡು ಮೊದಲ ಮಗಳು ನಾಸಿರಾಳೂ ಬಸ್ಸಿಳಿದಳು. ನಾಲ್ಕು ತುಂಬಿದ ಹುಡುಗಿ. ಕೈಕಾಲು ಚುರುಕು, ಕಣ್ಣು ಇನ್ನೂ ಚುರುಕು, ಆದರೆ ಬಾಯಲ್ಲಿ ಒಂದು ಮಾತಿಲ್ಲ. ಬೇಕಾದದ್ದನ್ನು ಬೆರಳಲ್ಲಿ ತೋರಿಸುವಳು, ಬೇಡವಾದದ್ದನ್ನು ಕೈಯಲ್ಲಿ ತಳ್ಳುವಳು. ಅವಳಿಗೆ ದನಿ ಇದೆ ಎಂದು ತಿಳಿಯುತ್ತಿದ್ದುದು ಅತ್ತಾಗ ಮಾತ್ರ.

"ತಾಯತ ಕಟ್ಟಿಸಿದ್ದಾಯ್ತು, ದರ್ಗಾಕ್ಕೆ ಹೋಗಿದ್ದಾಯ್ತು, ನಾಲಿಗೆಗೆ ಹಕೀಮರು ಕೊಟ್ಟ ಪುಡಿ ತಿಕ್ಕಿದ್ದೂ ಆಯ್ತು" ಎಂದಳು ರಹೀಮುನ್ನೀಸಾ. "ಆ ಮನೇಲಿ ಎಲ್ಲರೂ ಇವಳನ್ನ ಗೂಂಗಿ ಅಂತಾನೇ ಕರೆಯೋದು. ಮೂಗಿ. ನಾಸಿರಾ ಅನ್ನೋ ಹೆಸರು ನಾನೊಬ್ಬಳು ಮರೀದೆ ಇಟ್ಕೊಂಡಿದೀನಿ."

ಚಾಂದ್ ಬಿ ಮೊಮ್ಮಗಳಿಗೆ ಒಂದು ತುಂಡು ಬೆಲ್ಲ ಕೊಟ್ಟಳು. ಗಂಡ ಖುದ್ದೂಸ್ ತೀರಿಕೊಂಡ ಮೇಲೂ ಅವಳು ಹಾಸಿಗೆ ದಿಂಬು ಹೊಲಿಯುವ ಕಸುಬು ಬಿಟ್ಟಿರಲಿಲ್ಲ. ನಡುಮನೆಯ ತುಂಬ ಬೂರುಗದ ಹತ್ತಿ ತುಂಬಿದ ಚೀಲಗಳು. ಆ ಚೀಲಗಳ ನಡುವೆ ಮಗು ಸುಮ್ಮನೆ ಆಡಿಕೊಳ್ಳುತ್ತಿತ್ತು. ಅದು ಬೆರಳೆತ್ತುವ ಮೊದಲೇ ಚಾಂದ್ ಬಿ ಬೇಕಾದದ್ದನ್ನು ತಂದು ಕೈಗಿಡುತ್ತಿದ್ದಳು.

ದಾರಿ ಹೇಳಿದವಳು ಪಕ್ಕದ ಮನೆಯ ಬಸವಮ್ಮ. "ಶಿಶುವಿಹಾರದ ಟೀಚರಮ್ಮ ಒಂದ್ಕಿತ ನೋಡ್ಲಿ ಬುಡು, ಚಾಂದಮ್ಮ. ಉಮ್ಮತ್ತೂರಿನೋರು. ಅವ್ರ ತಮ್ಮನೂವೆ ಆರು ವರ್ಸದ ಗಂಟ ಬಾಯೇ ಬುಟ್ಟಿರ್ನಿಲ್ವಂತೆ. ಈಗ ಸಂತೆಮರಹಳ್ಳಿ ಸಂತೇಲಿ ದನದ ಯಾಪಾರ ಮಾಡ್ತಾನೆ. ಮಾತಾಡ್ದೆ ದನ ಮಾರಾಕಾಯ್ತದಾ?"

ಟೀಚರಮ್ಮನ ಹೆಸರು ಚಂದ್ರಮತಿ. ಮೂವತ್ತರ ಆಸುಪಾಸು, ನಿಧಾನದ ಹೆಂಗಸು. ಮಗುವನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಲಿಲ್ಲ, ಬಾಯಿ ತೆರೆಸಿ ನೋಡಲಿಲ್ಲ. ಅವಳ ಮುಂದೆ ಮರದ ಗೊಂಬೆಗಳನ್ನು ಸುರಿದು ತಾನು ಹಿಂದೆ ಹೋಗಿ ನಿಂತಳು. ಮೊದಲು ಡಬ್ಬಿಯಲ್ಲಿ ಹುಣಸೆಬೀಜ ಅಲ್ಲಾಡಿಸಿದಳು. ಆಮೇಲೆ ಒಂದು ಕಾಗದವನ್ನು ಮೆಲ್ಲಗೆ ಹರಿದಳು. ಎರಡು ಸಲವೂ ನಾಸಿರಾ ತಿರುಗಿ ನೋಡಿದಳು.

"ಕಿವಿ ಚೆನ್ನಾಗದೆ. ಅದೊಂದು ಅನುಮಾನ ಓಯ್ತು" ಎಂದಳು ಚಂದ್ರಮತಿ. "ದಿನಾ ಬೆಳಿಗ್ಗೆ ಕಳ್ಸಿ. ಮಾತು ಬಂದೇ ಬತ್ತದೆ ಅಂತ ನಾನು ಹೇಳಾಕಿಲ್ಲ. ನೋಡನ."

ಹದಿನೈದು ದಿನ ನಾಸಿರಾ ಶಿಶುವಿಹಾರಕ್ಕೆ ಹೋದಳು. ಟೀಚರಮ್ಮ ಆನೆ ತೋರಿಸಿ ಆನೆ ಎಂದಳು, ಹಸು ತೋರಿಸಿ ಅಂಬಾ ಎಂದಳು, ಉಳಿದ ಮಕ್ಕಳ ಜೊತೆ ಹಾಡಿಸಿದಳು, ಕುಣಿಸಿದಳು. ನಾಸಿರಾ ಖುಷಿಯಾಗಿ ಕುಣಿದಳು. ತುಟಿ ಮಾತ್ರ ಬಿಚ್ಚಲಿಲ್ಲ. ಅಷ್ಟರಲ್ಲಿ ರಹೀಮುನ್ನೀಸಾಳಿಗೆ ಗಂಡುಮಗುವಾಯಿತು.

ಮಗು ನೋಡಲು ಬಂದ ಚಂದ್ರಮತಿ ಹತ್ತಿಚೀಲಕ್ಕೆ ಒರಗಿ ಕುಳಿತಿದ್ದಳು. ಚಾಂದ್ ಬಿ ಹೊಲಿಯುತ್ತ ಹೊಲಿಯುತ್ತ ಮೊಮ್ಮಗಳಿಗೆ ತಮ್ಮ ಮನೆಯ ಉರ್ದುವಿನಲ್ಲಿ ಏನೋ ಹೇಳಿದಳು. ನಾಸಿರಾ ಎದ್ದುಹೋಗಿ ಕಿಟಕಿಯ ಮೇಲಿದ್ದ ನಾಲ್ಕು ಉಂಡೆಗಳಲ್ಲಿ ಕೆಂಪು ದಾರದ ಉಂಡೆಯನ್ನೇ ಆರಿಸಿ ತಂದಳು. ಅಜ್ಜಿ ಇನ್ನೊಂದು ಹೇಳಿದಳು, ಮಗು ಬಾಗಿಲ ಹಿಂದಿನ ದೊಡ್ಡ ಸೂಜಿ ತಂದುಕೊಟ್ಟಿತು.

ಒರಗಿದ್ದ ಚಂದ್ರಮತಿ ನೆಟ್ಟಗೆ ಕುಳಿತಳು. "ನಾನು ತಪ್ಪು ಮಾಡ್ಬುಟ್ಟೆ, ಚಾಂದಮ್ಮ. ಹದಿನೈದು ದಿನ ಗೊತ್ತಿಲ್ಲದ ಮಾತಲ್ಲಿ ಬಾಯಿ ಬುಡು ಅಂದ್ರೆ ಯಾವ ಮಗು ಬುಟ್ಟಾತು? ಇವಳ ತಲೇಲಿ ಇರೋದು ನಿಮ್ಮ ಮಾತು. ಬಂದ್ರೆ ಅದೇ ಮೊದ್ಲು ಬರ್ಬೇಕು. ನಂಗೆ ಅದು ಬರಾಕಿಲ್ಲ. ನೀವೇ ಕಲಿಸ್ಬೇಕು."

"ನನಗೆ ಒಂದು ಅಕ್ಷರ ಬರಲ್ಲ, ಟೀಚರಮ್ಮ."

"ಓದ್ಸಾಕಲ್ಲ. ಆಡ್ಸಾಕೆ."

ಆಟ ಆಡಿಸುವುದೋ, ಮಾತು ಆಡಿಸುವುದೋ ಎಂದು ಚಾಂದ್ ಬಿ ಕೇಳಿದಳು. ಎರಡಕ್ಕೂ ಒಂದೇ ದಾರಿ ಎಂದಳು ಚಂದ್ರಮತಿ. ಅವಳು ಹೇಳಿದ್ದು ಪುಸ್ತಕದಲ್ಲಿ ಓದಿದ್ದಲ್ಲ, ತಮ್ಮ ಹುಚ್ಚಯ್ಯನನ್ನು ಎತ್ತಿ ಆಡಿಸುವಾಗ ಕಂಡುಕೊಂಡದ್ದು. ಮಗುವಿಗೆ 'ಹೇಳು, ಹೇಳು' ಎಂದು ಗಂಟು ಬೀಳಬಾರದು. ಅದು ನೀರಿನ ಗಡಿಗೆ ತೋರಿಸಿದರೆ ನೀರು ಎಂದು ನಾವು ಒಂದು ಸಲ ಹೇಳಬೇಕು, ಅದರ ಮುಖ ನೋಡುತ್ತ ಮನಸ್ಸಿನಲ್ಲೇ ಹತ್ತು ಎಣಿಸಬೇಕು, ಆಮೇಲೆ ಕೊಡಬೇಕು. ಅಷ್ಟು ಹೊತ್ತು ಮಗುವಿಗೆ ಬಿಟ್ಟ ಜಾಗ. ಅಲ್ಲಿ ಅದು ಏನಾದರೂ ಇಟ್ಟರೆ ಇಟ್ಟಿತು.

ಹತ್ತು ಎಣಿಸುವುದು ಏನು ಮಹಾ ಎಂದುಕೊಂಡಿದ್ದಳು ಚಾಂದ್ ಬಿ. ಮೊದಲ ದಿನ ಅವಳ ಎಣಿಕೆ ನಾಲ್ಕನ್ನು ದಾಟಲಿಲ್ಲ. ಮಗುವಿನ ಕೆಳತುಟಿ ನಡುಗಿದ್ದೇ ಕೈ ತಾನಾಗಿ ಲೋಟಕ್ಕೆ ಹೋಯಿತು. ಮರುದಿನ ಆರು. ಮೂರನೆಯ ದಿನ ಹತ್ತು ಮುಟ್ಟಿದಳು, ಮಗು ಅತ್ತು ರಂಪ ಮಾಡಿತು, ರಹೀಮುನ್ನೀಸಾ ಬಾಣಂತಿ ಕೋಣೆಯಿಂದಲೇ ಕೂಗಿದಳು: "ಏನಮ್ಮಾ, ನೀರಿಗೂ ಅಳಿಸ್ತೀಯಾ?"

ಚಾಂದ್ ಬಿ ಹೋಗಿ ಚಂದ್ರಮತಿಯ ಮುಂದೆ ತಪ್ಪೊಪ್ಪಿಕೊಂಡಂತೆ ಎಲ್ಲ ಹೇಳಿದಳು.

"ಅಳಿಸೋದು ಬ್ಯಾಡ. ಹತ್ತಾದ್ರೆ ಕೊಟ್ಟುಬುಡಿ. ನೀವು ಕಾಯ್ತೀರಿ ಅಂತ ಅದಕ್ಕೆ ಗೊತ್ತಾದ್ರೆ ಸಾಕು" ಎಂದಳು ಅವಳು. "ಮನೇಲಿ ಅಷ್ಟೊಂದು ಹತ್ತಿ ಅದೆ. ಅದರಲ್ಲಿ ಆಡಿ."

ಅಂದಿನಿಂದ ಮಧ್ಯಾಹ್ನದ ಹೊಲಿಗೆ ನಿಂತಿತು. ಅಜ್ಜಿ ಮೊಮ್ಮಗಳು ನೆಲದ ಮೇಲೆ ಎದುರು ಬದುರು ಮಲಗಿ, ನಡುವೆ ಒಂದು ಎಳೆ ಬೂರುಗದ ಹತ್ತಿ ಇಟ್ಟು ಊದುವುದು. ಅತ್ತಿಂದ ಫೂ, ಇತ್ತಿಂದ ಫೂ. ಹತ್ತಿ ಹೋಗಿ ಅಜ್ಜಿಯ ಮೂಗಿಗೆ ಅಂಟಿಕೊಂಡ ದಿನ ನಾಸಿರಾ ನಕ್ಕಳು, ಹೊಟ್ಟೆ ಹಿಡಿದುಕೊಂಡು. ಎಷ್ಟೋ ದಿನ ಬರೀ ಗಾಳಿ. ಒಂದು ದಿನ ಗಾಳಿಯ ಜೊತೆ ದನಿಯೂ ಬಂತು: "ಪೂ". ಚಾಂದ್ ಬಿ ಅದನ್ನು ಕೇಳಿಯೂ ಕೇಳದವಳಂತೆ ತಾನೂ "ಪೂ" ಎಂದಳು. ಹೊಗಳಿದರೆ ಹೆದರಿ ಬಾಯಿ ಮುಚ್ಚಿಕೊಂಡೀತು ಎಂದು ಟೀಚರಮ್ಮ ಎಚ್ಚರಿಸಿದ್ದಳು.

ಮೊದಲ ಮಾತು ಬಂದದ್ದು ಊಟದ ಹೊತ್ತಿನಲ್ಲಿ. ಮಗುವಿಗೆ ಹೊಟ್ಟೆ ತುಂಬಿತ್ತು. ಅಭ್ಯಾಸಬಲದಿಂದ ಚಾಂದ್ ಬಿ ಇನ್ನೊಂದು ತುತ್ತು ಎತ್ತಿದಳು. ನಾಸಿರಾ ತಲೆ ಹಿಂದೆ ಎಳೆದುಕೊಂಡು, ಅಜ್ಜಿಯ ಮುಖ ನೋಡಿ, ಸ್ಪಷ್ಟವಾಗಿ "ನಕ್ಕೊ" ಎಂದಳು. ಬೇಡ.

ತುತ್ತು ಗಾಳಿಯಲ್ಲೇ ನಿಂತಿತು. ಚಾಂದ್ ಬಿ ಅದನ್ನು ತಟ್ಟೆಗಿಟ್ಟು, ಕೈ ತೊಳೆಯುವುದನ್ನೂ ಮರೆತು ಶಿಶುವಿಹಾರಕ್ಕೆ ನಡೆದಳು. ಅನ್ನ ಮೆತ್ತಿದ ಕೈ ನೋಡಿ ಚಂದ್ರಮತಿ ಗಾಬರಿಯಾದಳು.

"ಮಾತಾಡಿದಳು."

"ಏನಂದ್ಲು?"

"ಬೇಡ ಅಂದ್ಲು. ನಾನು ಕೊಟ್ಟದ್ದು ಬೇಡ ಅಂದ್ಲು" ಎಂದು ಚಾಂದ್ ಬಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತಳು.

"ಬೇಡ ಅನ್ನಾಕೆ ಬಂದ್ರೆ ಬೇಕು ಅನ್ನಾಕೂ ಬತ್ತದೆ, ಸುಮ್ಕಿರಿ" ಎಂದು ಚಂದ್ರಮತಿ ನೀರು ತಂದು ಅವಳ ಕೈ ತೊಳೆಸಿದಳು.

ಮುಂದೆ ಎಂಟು ದಿನ ಮನೆಯಲ್ಲಿ ಎಲ್ಲದಕ್ಕೂ ನಕ್ಕೊ. ಸ್ನಾನಕ್ಕೆ ನಕ್ಕೊ, ಬಾಚಣಿಗೆಗೆ ನಕ್ಕೊ, ತಮ್ಮನಿಗೂ ನಕ್ಕೊ. ಆಮೇಲೆ ಒಂದೊಂದಾಗಿ ಬೇರೆ ಮಾತುಗಳು ಬಂದವು. ಅಜ್ಜಿಗೆ ನಾನಿ, ನೀರಿಗೆ ಪಾನಿ. ನಲವತ್ತು ದಿನದ ಬಾಣಂತನ ಮುಗಿದು, ಮೇಲೆ ಇನ್ನೊಂದು ತಿಂಗಳು ಕಳೆಯುವ ಹೊತ್ತಿಗೆ ಹದಿನೈದಿಪ್ಪತ್ತು ಮಾತಾದವು. ಆಗ ಹೆಂಡತಿ ಮಕ್ಕಳನ್ನು ಕರೆದೊಯ್ಯಲು ಅಳಿಯ ಮಹಬೂಬ್ ಬಂದ. ಚಾಮರಾಜನಗರದಲ್ಲಿ ರೇಷ್ಮೆಗೂಡಿನ ವ್ಯಾಪಾರಿಯೊಬ್ಬರ ಹತ್ತಿರ ಕೆಲಸಕ್ಕಿದ್ದವನು. ಮಗಳು ಮಾತಾಡುತ್ತಾಳೆಂದು ಕಾಗದ ಬರೆಸಿದ್ದರು. ಅವನನ್ನು ಕಂಡದ್ದೇ ನಾಸಿರಾ ಚೀಲಗಳ ಹಿಂದೆ ಸರಿದು ಮತ್ತೆ ಮೂಗಿಯಾದಳು. ಇಡೀ ಸಂಜೆ ಅವನು ಕಾದ. ಕೊನೆಗೆ, "ಇವಳು ನಿಮ್ಮ ಹತ್ತಿರವೇ ಇರಲಿ, ಅಮ್ಮಿ. ಅಲ್ಲಿ ಇವಳಿಗೆ ಕಷ್ಟ" ಎಂದ.

ಚಾಂದ್ ಬಿಗೆ ಬೇಕಾಗಿದ್ದುದೂ ಅದೇ. ಸಂತೋಷದಿಂದ ಹೋಗಿ ಚಂದ್ರಮತಿಗೆ ಹೇಳಿದಳು. ಚಂದ್ರಮತಿ ಸಂತೋಷಪಡಲಿಲ್ಲ.

"ಇಲ್ಲೇ ಇದ್ರೆ ನಿಮ್ಮೊಬ್ಬರ ಜೊತೆ ಮಾತಾಡ್ತಳೆ. ಅಪ್ಪನ ಜೊತೆ ಯಾವಾಗ? ಅಲ್ಲಿರೋರು ಕಾಯೋದ ಕಲೀಬೇಕಲ್ವಾ, ಚಾಂದಮ್ಮ?"

"ಅವರಿಗೆ ಯಾರು ಕಲಿಸ್ತಾರೆ?"

ಚಂದ್ರಮತಿ ಅವಳನ್ನೇ ನೋಡಿದಳು. ಚಾಂದ್ ಬಿ ಸಿಟ್ಟು ಮಾಡಿಕೊಂಡು ಎದ್ದು ಬಂದಳು. ಬೀಗರ ಮನೆಯಲ್ಲಿ ಹೆಣ್ಣು ಕೊಟ್ಟವಳು ಒಂದು ಹೊತ್ತಿನ ಊಟ ಮಾಡಿ ಹಿಂದಿರುಗಬೇಕೇ ಹೊರತು ಠಿಕಾಣಿ ಹೂಡಬಾರದು. ಎರಡು ದಿನ ಅವಳು ಶಿಶುವಿಹಾರದ ಕಡೆಗೇ ಹೋಗಲಿಲ್ಲ. ಮೂರನೆಯ ದಿನ ಒಂದು ಚೀಲ ಹತ್ತಿ ಕಟ್ಟಿಕೊಂಡು, ನಾಸಿರಾಳನ್ನೂ ಕರೆದುಕೊಂಡು, ಮಗಳು ಅಳಿಯನ ಜೊತೆ ತಾನೂ ಬಸ್ಸು ಹತ್ತಿದಳು.

ಚಾಮರಾಜನಗರದ ಆ ಮನೆಯಲ್ಲಿ ಒಂಬತ್ತು ಜನ. "ಗೂಂಗಿ ಬಂದಳು" ಎಂದು ಬೀಗಿತ್ತಿ, ಮಹಬೂಬನ ತಾಯಿ, ಪ್ರೀತಿಯಿಂದಲೇ ಎತ್ತಿಕೊಂಡಳು. ಮಗು ಗಡಿಗೆಯತ್ತ ಬೆರಳು ತೋರಿಸಿದ್ದೇ ಅವಳು ಲೋಟ ತುಂಬಿದಳು. ಚಾಂದ್ ಬಿ ಲೋಟದ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ಪಾನಿ ಅಂತ ಒಂದು ಸಲ ಹೇಳಿ, ಹತ್ತು ಎಣಿಸಿ, ಬೀಬಿ."

"ನನ್ನ ಮನೇಲಿ ಮಗುವಿಗೆ ನೀರಿಲ್ಲ ಅನ್ನಿಸ್ತೀಯಾ?"

"ಹತ್ತೇ. ಆಮೇಲೆ ಕೊಡಿ."

ಬೀಗಿತ್ತಿ ಹಟಕ್ಕೆ ಬಿದ್ದವಳಂತೆ ಜೋರಾಗಿ, ಬೇಗ ಬೇಗ ಎಣಿಸಿದಳು. ಹತ್ತಾಯಿತು. ಮಗು ಬಾಯಿ ಬಿಡಲಿಲ್ಲ. ಚಾಂದ್ ಬಿ ಕೈ ತೆಗೆದಳು. ಮಗು ನೀರು ಕುಡಿಯಿತು. ಅಡಿಗೆಮನೆಯ ಹೆಂಗಸರೆಲ್ಲರ ಮುಂದೆ ಚಾಂದ್ ಬಿಗೆ ಅವಮಾನವಾಯಿತು.

ಆದರೂ ಮರುದಿನ ಅಂಗಳದಲ್ಲಿ ಚಾಪೆ ಹಾಸಿ ಹತ್ತಿ ಬಿಚ್ಚಿದಳು. ಮನೆಯ ಉಳಿದ ಮಕ್ಕಳು ಬಂದು ಊದತೊಡಗಿದರು. ನಾಸಿರಾ ಸುಮ್ಮನೆ ನೋಡಿದಳು. ಐದನೆಯ ದಿನ ಶುಕ್ರವಾರ. ಮಹಬೂಬನಿಗೆ ರಜಾ. ಅವನು ಲುಂಗಿ ಮೇಲೆತ್ತಿ ಕಟ್ಟಿ ಚಾಪೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿದ. ಮನೆಯ ಹೆಂಗಸರು ಮುಸಿಮುಸಿ ನಕ್ಕರು. ಅವನಿಗೆ ಊದುವ ಹದ ತಿಳಿಯದೆ ಹತ್ತಿಯೆಲ್ಲ ಮೇಲೆದ್ದು ಗಡ್ಡಕ್ಕೆ ಮೆತ್ತಿಕೊಂಡಿತು.

"ಅಬ್ಬಾ, ದಾಡಿ" ಎಂದಳು ನಾಸಿರಾ. ಅಪ್ಪಾ, ಗಡ್ಡ.

ಅವನಿಗೆ ಮೊದಲು ಗೊತ್ತಾಗಲಿಲ್ಲ. "ಏನಮ್ಮ?" ಎಂದ.

ಅವಳು ಹತ್ತಿರ ಬಂದು ಅವನ ಗಡ್ಡದಿಂದ ಹತ್ತಿಯ ಎಳೆ ಕಿತ್ತು ತೋರಿಸಿ, ತಿಳಿಯದವನಿಗೆ ಹೇಳುವ ಹಾಗೆ ಇನ್ನೊಂದು ಸಲ ಹೇಳಿದಳು. ಮಹಬೂಬ್ ಏಳಲಿಲ್ಲ. ಮುಖ ಕೆಳಗೆ ಹಾಕಿಕೊಂಡು ಬಹಳ ಹೊತ್ತು ಊದುತ್ತಲೇ ಇದ್ದ. ಬೀಗಿತ್ತಿ ಅಡಿಗೆಮನೆ ಬಾಗಿಲಿಗೆ ಬಂದು ನಿಂತಿದ್ದಳು. ಆ ಮಧ್ಯಾಹ್ನ ಅವಳು ಲೋಟ ಹಿಡಿದು ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕುಳಿತದ್ದನ್ನು ಚಾಂದ್ ಬಿ ಕಂಡಳು. ಬೆರಳು ಮಡಿಸುತ್ತಿದ್ದಳು. ಹತ್ತಾದ ಮೇಲೂ ನಿಲ್ಲಿಸಲಿಲ್ಲ, ಮತ್ತೆ ಮೊದಲ ಬೆರಳಿಂದ ಶುರುಮಾಡಿದಳು. ಹದಿನೇಳಕ್ಕೆ "ಪಾನಿ" ಬಂತು.

ಚಾಂದ್ ಬಿ ಬೀಗರ ಮನೆಯಲ್ಲಿ ಹದಿನೆಂಟು ದಿನ ಇದ್ದಳು. ಊರಿಗೆ ಬಂದ ಮೇಲೆ, ಚಂದ್ರಮತಿ ಕೇಳಿಕೊಂಡಳೆಂದು, ವಾರಕ್ಕೆರಡು ಬೆಳಿಗ್ಗೆ ಶಿಶುವಿಹಾರದಲ್ಲಿ ಕೂರತೊಡಗಿದಳು. ಅಲ್ಲಿ ಮಾತು ತಡವಾದ ಇನ್ನಿಬ್ಬರು ಮಕ್ಕಳಿದ್ದರು. ಒಂದಕ್ಕೆ ಮಾತು ಬಂತು. ಇನ್ನೊಂದಕ್ಕೆ ಕೊನೆಗೂ ಬರಲಿಲ್ಲ. ಅದಕ್ಕೆ ಕಿವಿಯೇ ಕೇಳಿಸುತ್ತಿರಲಿಲ್ಲ, ಕೈಸನ್ನೆ ಕಲಿತುಕೊಂಡಿತು.

ಮರುವರ್ಷದ ಬೇಸಿಗೆಗೆ ನಾಸಿರಾ ಬಂದಳು. ಅವಳಿಗೆ ಮೊದಲೇಕೆ ಮಾತು ಬರಲಿಲ್ಲ ಎಂಬುದು ಯಾರಿಗೂ ಗೊತ್ತಾಗಲಿಲ್ಲ. ಈಗಲೂ 'ರ' ಅನ್ನಬೇಕಾದಲ್ಲಿ 'ಲ' ಅನ್ನುತ್ತಿದ್ದಳು, ಅವಸರವಾದರೆ ತೊದಲುತ್ತಿದ್ದಳು. ಬಸ್‌ಸ್ಟ್ಯಾಂಡಿನಿಂದ ಮನೆ ಮುಟ್ಟುವವರೆಗೆ ತಮ್ಮನ ಮೇಲೆ ಚಾಡಿ ಹೇಳಿದಳು: ಅವನು ಚಪ್ಪಲಿ ಕಚ್ಚುತ್ತಾನೆ, ಮಣ್ಣು ತಿನ್ನುತ್ತಾನೆ, ತನ್ನ ಕೂದಲು ಎಳೆಯುತ್ತಾನೆ. ಚಾಂದ್ ಬಿಗೆ ಅದರಲ್ಲಿ ಅರ್ಧ ತಿಳಿಯಿತು. ತಿಳಿಯದ ಅರ್ಧವನ್ನು ಮತ್ತೆ ಕೇಳಿದಳು. ನಾಸಿರಾ ಬೇಸರಪಡದೆ ಮೊದಲಿನಿಂದ ಶುರುಮಾಡಿದಳು.