ಮೂರನೇ ಮಹಡಿಯ ವಾಸ

ಶಾಲೆಯ ಗುಮಾಸ್ತ ಚಪ್ಪಲಿ ಬಿಡಲೋ ಬೇಡವೋ ಎಂದು ಒಂದು ಗಳಿಗೆ ಅನುಮಾನಿಸಿದ. ಬಾಗಿಲು ಕೂರಿಸದ ಚೌಕಟ್ಟು, ತೊಳೆದ ಸಿಮೆಂಟು ನೆಲ, ನಾಲ್ಕು ಬೋಳು ಗೋಡೆ.

"ಇಲ್ಲಿ ಯಾರಿದಾರಮ್ಮ?"

"ನಾವೇ ಸಾರ್. ನಾನು, ನಮ್ಮೆಜಮಾನ್ರು, ಇವಳು."

ಗಾರೆಯವನ ಹೆಂಡತಿ ಮಗಳನ್ನು ಮುಂದಕ್ಕೆ ತಳ್ಳಿದಳು. ಮೈ ಕಡ್ಡಿ, ಮಾತು ಮೊನೆ. ಕಟ್ಟಡದವರೆಲ್ಲ ಅವಳನ್ನು ಸೂಜಿ ಎನ್ನುತ್ತಿದ್ದರು. ಈ ಊರಿಗೆ ಬಂದು ನಾಲ್ಕು ತಿಂಗಳಾದರೂ ಸೂಜಿ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ವಿಳಾಸದ ಕಾಗದವಿಲ್ಲದವರ ಮನೆಗೆ ಗುಮಾಸ್ತ ಬಂದು 'ವಾಸ ಇದ್ದಾರೆ' ಎಂದು ಬರೆದರೆ ಸೀಟು, ಇಲ್ಲವಾದರೆ ಮುಂದಿನ ವರ್ಷ. ಮುಂದಿನ ವರ್ಷಕ್ಕೆ ಈ ಕಟ್ಟಡ ಮುಗಿದಿರುತ್ತದೆ. ಅವರು ಇನ್ಯಾವುದೋ ಊರಿನ ಅಡಿಪಾಯದಲ್ಲಿ.

ಮನೆ ನೋಡಲು ಬರುತ್ತಾರೆಂದರೆ ಮನೆ ನೆಟ್ಟಗಿರಬೇಡವೇ? ತಾಯಿ ಬೆಳಗಾಗೆದ್ದು ಚಾಪೆ, ಬಟ್ಟೆಯ ಗಂಟು, ಪಾತ್ರೆಗಳನ್ನೆಲ್ಲ ತಾರಸಿಗೆ ಹೊತ್ತು ಹಾಕಿದ್ದಳು. ಒಲೆಯ ಮೂರು ಇಟ್ಟಿಗೆಗಳು ಕೆಳಗಿನ ರಾಶಿ ಸೇರಿದ್ದವು. ಗೋಡೆಗೆ ಹತ್ತಿದ ಮಸಿಯನ್ನು ಉಪ್ಪುಕಾಗದ ಹಿಡಿದು, ರಟ್ಟೆ ಬೀಳುವಷ್ಟು ತಿಕ್ಕಿ, ನೀರು ಹಾಕಿ ತೊಳೆದಿದ್ದಳು.

"ಹಾಗಾದ್ರೆ ಒಲೆ ಎಲ್ಲಿ? ಹಾಸಿಗೆ?"

"ಮೇಲಿಟ್ಟಿದೀನಿ ಸಾರ್. ನೀವು ಬರ್ತೀರಿ ಅಂತ ಚೊಕ್ಕ ಮಾಡ್ದೆ."

"ಭಾರಿ ಚೊಕ್ಕ. ನಮ್ಮನೇಲೂ ಇಷ್ಟಿಲ್ಲ." ಅವನು ನಕ್ಕ. ಕೆಟ್ಟವನಲ್ಲ ಎನ್ನಿಸಿ ಅವಳೂ ನಕ್ಕಳು.

"ಇಲ್ಲಿ ನನ್ನ ಮಗ್ಗಿ ಇತ್ತು." ಸೂಜಿ ಗೋಡೆಯ ಒದ್ದೆ ಜಾಗಕ್ಕೆ ಬೆರಳಿಟ್ಟಳು. "ಎಂಟರ ತನಕ ಬರ್ದಿದ್ದೆ, ಇದ್ದಿಲಲ್ಲಿ. ಅಮ್ಮ ತೊಳೆದುಬಿಟ್ಲು."

ಗುಮಾಸ್ತ ಒದ್ದೆ ಜಾಗವನ್ನೇ ನೋಡಿದ. ನಗು ಇಳಿಯಿತು.

"ಮೇಲಕ್ಕೆ ಬನ್ನಿ ಸಾರ್, ಎಲ್ಲಾ ತೋರಿಸ್ತೀನಿ."

"ಅರ್ಜೀಲಿ ಮೂರನೇ ಮಹಡಿ ಅಂತ ಬರ್ಸಿದೀರಲ್ಲಮ್ಮ. ತಾರಸಿ ಮೇಲಿನ ಗಂಟು ಯಾರದ್ದು ಅಂತ ನಾನು ಬರೀಲಿ? ಫೋಟೋ ಬೇರೆ ಕಳಿಸ್ಬೇಕು."

"ನಾಳೆ ಬನ್ನಿ. ಎಲ್ಲಾ ಇಳಿಸಿರ್ತೀನಿ."

"ಇವತ್ತೇ ಕೊನೇ ದಿನ." ಅವನು ಫೋನೆತ್ತಿ ಹಿಂದಕ್ಕೆ ಹೆಜ್ಜೆಯಿಟ್ಟ. "ಸ್ವಲ್ಪ ಪಕ್ಕಕ್ಕೆ ಬನ್ನಿ, ಗೋಡೆ ಕಾಣ್ಬೇಕು."

ತಾಯಿ ಮಗಳು ಪಕ್ಕಕ್ಕೆ ಸರಿದರು.

ಅವನ ಸ್ಕೂಟರು ಮರಳ ರಾಶಿ ದಾಟುವಷ್ಟರಲ್ಲಿ ತಾಯಿ ಮೂರು ಇಟ್ಟಿಗೆಗಳನ್ನು ಎದೆಗವಚಿಕೊಂಡು ಮೇಲೆ ಬಂದಿದ್ದಳು. ಮೊದಲಿದ್ದ ಮೂಲೆಯಲ್ಲೇ ಇಟ್ಟು, ಹಲಗೆಯ ಚೂರು ತುರುಕಿ ಬೆಂಕಿ ಹಚ್ಚಿದಳು. ಒಲೆಯ ಮೇಲೆ ಪಾತ್ರೆ ಇರಲಿಲ್ಲ. ಹೊಗೆ ಬೋಳು ಗೋಡೆಯನ್ನು ತಡವುತ್ತ ಮೇಲೇರಿತು.

ಸೂಜಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಕಪ್ಪಾಗೋಕೆ ಎಷ್ಟು ಹೊತ್ತು ಬೇಕಮ್ಮಾ?"